ಒಂದು ಗುಡ್ಡ, ಹಲವು ಒಡೆಯರು

ಪಾವಗಡ ತಾಲ್ಲೂಕಿನ ಚೆನ್ನಕೇಶವಪುರ ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುವ ಊರು. ಇಪ್ಪತ್ತು ವರ್ಷಗಳ ಹಿಂದೆ ಅಲ್ಲಿನ ಹೊಲಗಳಲ್ಲಿ ಮಣ್ಣಿನ ತೇವ, ಗಾಳಿಯ ಉಷ್ಣತೆ ಮುಂತಾದವನ್ನು ಅಳೆಯುವ ಪುಟ್ಟ ಪೆಟ್ಟಿಗೆಗಳನ್ನು ನೆಟ್ಟಿದ್ದರು. ಅವಕ್ಕೆ ತಂತಿ ಇರಲಿಲ್ಲ. ಒಳಗೊಂದು ಸಣ್ಣ ರೇಡಿಯೊ, ಒಂದಿಷ್ಟು ಬ್ಯಾಟರಿ, ಅಷ್ಟೆ. ಒಂದು ಪೆಟ್ಟಿಗೆ ತಾನು ಅಳೆದದ್ದನ್ನು ಪಕ್ಕದ್ದಕ್ಕೆ ದಾಟಿಸುತ್ತಿತ್ತು, ಅದು ಮುಂದಿನದಕ್ಕೆ. ಹೀಗೆ ಕೈಯಿಂದ ಕೈಗೆ ಸಾಗಿ ಎಲ್ಲ ಅಂಕಿಗಳೂ ಒಂದು ಕೇಂದ್ರವನ್ನು ಮುಟ್ಟುತ್ತಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯ ಇಪಿಎಫ್ಎಲ್ ಜತೆಗೂಡಿ ನಡೆಸಿದ ಆ ಯೋಜನೆಯ ಹೆಸರು ‘ಕಾಮನ್‌ಸೆನ್ಸ್ ನೆಟ್’. ಬಡ ರೈತನ ಮಳೆಯಾಶ್ರಿತ ಬೇಸಾಯಕ್ಕೆ ನಿಸ್ತಂತು ಸೆನ್ಸರ್ ಜಾಲದಿಂದ ಏನು ಉಪಯೋಗ ಎಂದು ಕೇಳಿದ ಮೊದಲಿಗರಲ್ಲಿ ಅವರೂ ಸೇರುತ್ತಾರೆ. ಜಾಕ್ ಪಂಶಾರ್, ಶೇಷಗಿರಿ ರಾವ್, ಟಿ.ವಿ. ಪ್ರಭಾಕರ್, ಎಚ್.ಎಸ್. ಜಮದಗ್ನಿ ಮತ್ತು ಝಾನ್ ಪಿಯೆರ್ ಯುಬೊ ಈ ಪ್ರಯೋಗದ ಕಥನವನ್ನು 2007ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು.

ಆ ಹೆಸರುಗಳಲ್ಲಿ ಕೊನೆಯವರನ್ನು ನೆನಪಿಟ್ಟುಕೊಳ್ಳಬೇಕು. ಪಾವಗಡದ ಹೊಲಗಳಲ್ಲಿ ಪ್ರಯೋಗ ನಡೆಯುತ್ತಿದ್ದ ಅದೇ ಕಾಲದಲ್ಲಿ ಯುಬೊ ಅವರ ಲೊಸಾನ್ ತಂಡ ಇನ್ನೊಂದು ಪ್ರಶ್ನೆಯ ಬೆನ್ನು ಹತ್ತಿತ್ತು. ಒಂದೇ ನೆಲದ ಮೇಲೆ ಇಬ್ಬರು ಬೇರೆ ಬೇರೆ ಒಡೆಯರ ಸೆನ್ಸರ್ ಜಾಲಗಳಿದ್ದರೆ, ಒಬ್ಬರ ಪೆಟ್ಟಿಗೆ ಇನ್ನೊಬ್ಬರ ಸಂದೇಶವನ್ನು ಯಾಕೆ ಹೊರಬೇಕು? ಹೊರದಿದ್ದರೆ ಯಾರಿಗೆ ನಷ್ಟ? ಆಗ ಇದು ಗಣಿತದ ಕುತೂಹಲವಾಗಿತ್ತು. ಇಂದು ಮಳೆಮಾಪಕ, ಕೊಳವೆಬಾವಿಯ ಮೀಟರು, ವಿದ್ಯುತ್ ಕಂಬ, ಕುಡಿಯುವ ನೀರಿನ ಟ್ಯಾಂಕು, ಆನೆ ಬರುವ ದಾರಿ ಎಲ್ಲಕ್ಕೂ ಸೆನ್ಸರ್ ಹಾಕುವ ಮಾತು ನಡೆದಿದೆ, ಒಂದೊಂದಕ್ಕೂ ಒಬ್ಬೊಬ್ಬ ಒಡೆಯ ಇದ್ದಾನೆ. ಹಾಗಾಗಿ ಈ ಪ್ರಶ್ನೆ ಈಗ ನಮ್ಮದೇ ಆಗಿಬಿಟ್ಟಿದೆ.

ಹಂಚಿಕೊಳ್ಳುವುದು ಒಳ್ಳೆಯದು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಸೆನ್ಸರಿನ ಮಟ್ಟಿಗೆ ಔದಾರ್ಯಕ್ಕೆ ಬೆಲೆಯಿದೆ, ಆ ಬೆಲೆಯನ್ನು ಬ್ಯಾಟರಿ ತೆರುತ್ತದೆ. ಇಂಥ ಪೆಟ್ಟಿಗೆಯ ರೇಡಿಯೊ ಎಚ್ಚರವಾಗಿದ್ದಾಗ ಸುಮಾರು 20 ಮಿಲಿಆಂಪಿಯರ್ ವಿದ್ಯುತ್ ಎಳೆಯುತ್ತದೆ ಎಂದುಕೊಳ್ಳಿ. ಎರಡು ಸಾಧಾರಣ ಪೆನ್ಸಿಲ್ ಸೆಲ್‌ಗಳ ಜೋಡಿಯಲ್ಲಿ ಸುಮಾರು 2500 ಮಿಲಿಆಂಪಿಯರ್-ಗಂಟೆಯಷ್ಟು ಶಕ್ತಿ. ಭಾಗಿಸಿದರೆ 125 ಗಂಟೆ, ಅಂದರೆ ಐದು ದಿನ ಮತ್ತು ಸ್ವಲ್ಪ. ಅದೇ ರೇಡಿಯೊ ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಎಚ್ಚರವಿದ್ದು ಉಳಿದಂತೆ ನಿದ್ದೆ ಮಾಡಿದರೆ ಒಂದು ವರ್ಷ ದಾಟಿ ಬಾಳುತ್ತದೆ. ಇಲ್ಲಿ ಹೆಚ್ಚಿನವರು ಗಮನಿಸದ ಸಂಗತಿಯೊಂದಿದೆ: ಇಂಥ ಸಣ್ಣ ರೇಡಿಯೊಗಳಲ್ಲಿ ಕಳಿಸುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ಖರ್ಚು ಹೆಚ್ಚುಕಡಿಮೆ ಒಂದೇ. ಸೆನ್ಸರ್ ಜಾಲಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಸಿಸಿ2420 ಎಂಬ ರೇಡಿಯೊ ಚಿಪ್ಪಿನಲ್ಲಂತೂ ಕಳಿಸಲು 17.4 ಮಿಲಿಆಂಪಿಯರ್ ಸಾಕಾದರೆ ಕೇಳಲು 18.8 ಬೇಕು. ನೆರೆಯವನ ಸಂದೇಶವನ್ನು ದಾಟಿಸುತ್ತೇನೆ ಎಂದು ಒಪ್ಪಿಕೊಂಡ ಪೆಟ್ಟಿಗೆ, ಆ ಸಂದೇಶ ಯಾವಾಗ ಬಂದೀತೋ ಎಂದು ಕಾಯುವುದರಲ್ಲೇ ಅರ್ಧ ಆಯುಷ್ಯ ಕಳೆಯುತ್ತದೆ.

ಹಾಗಿದ್ದರೆ ದಾಟಿಸುವ ಗೊಡವೆಯೇ ಬೇಡ, ನೇರವಾಗಿ ಕೇಂದ್ರಕ್ಕೇ ಕಳಿಸೋಣ ಎಂದರೆ ದೂರ ಅಡ್ಡಬರುತ್ತದೆ. ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದರೆ ಬೇಕಾದ ಶಕ್ತಿ ನಾಲ್ಕು ಪಟ್ಟು. ನೆಲಕ್ಕೆ ಅಂಟಿಕೊಂಡಂತಿರುವ ಆಂಟೆನಾ, ಮರ, ಕಟ್ಟಡ, ಏರುತಗ್ಗು ಸೇರಿದರೆ ಅದು ಹದಿನಾರು ಪಟ್ಟಿನವರೆಗೂ ಹೋಗಬಹುದು. ಆದ್ದರಿಂದಲೇ ಸಣ್ಣ ಸಣ್ಣ ನೆಗೆತಗಳಲ್ಲಿ ಸಂದೇಶ ಸಾಗಿಸುವ ಉಪಾಯ. ಅದಕ್ಕೂ ಒಂದು ದೋಷವಿದೆ. ಕೇಂದ್ರದ ಅಕ್ಕಪಕ್ಕದ ಪೆಟ್ಟಿಗೆಗಳು ಎಲ್ಲರ ಹೊರೆಯನ್ನೂ ಹೊತ್ತು ಮೊದಲು ಸಾಯುತ್ತವೆ. ಅವು ಸತ್ತ ಮೇಲೆ ದೂರದವು ಬದುಕಿದ್ದೂ ಪ್ರಯೋಜನವಿಲ್ಲ.

ಈಗ ಒಂದೇ ಗುಡ್ಡದ ಮೇಲೆ ಎರಡು ಜಾಲಗಳನ್ನು ಕಲ್ಪಿಸಿಕೊಳ್ಳಿ. ಒಂದರ ಕೇಂದ್ರ ಪೂರ್ವದ ಬುಡದಲ್ಲಿ, ಇನ್ನೊಂದರದ್ದು ಪಶ್ಚಿಮದ ಬುಡದಲ್ಲಿ. ಪಶ್ಚಿಮದ ಇಳಿಜಾರಿನಲ್ಲಿರುವ ಮೊದಲನೆಯವನ ಪೆಟ್ಟಿಗೆ, ಕಣ್ಣೆದುರಿಗೇ ಒಂದು ಕೇಂದ್ರವಿದ್ದರೂ, ಅದು ತನ್ನ ಒಡೆಯನದಲ್ಲವೆಂಬ ಒಂದೇ ಕಾರಣಕ್ಕೆ ಗುಡ್ಡ ಹತ್ತಿಳಿದು ಸಂದೇಶ ಸಾಗಿಸಬೇಕು. ಎರಡನೆಯವನ ಕಥೆಯೂ ಇದೇ. ಇಬ್ಬರೂ ಪ್ರತಿದಿನ ಬ್ಯಾಟರಿ ಸುಡುತ್ತಾರೆ, ಇಬ್ಬರಿಗೂ ಲಾಭವಿಲ್ಲ.

2005ರಲ್ಲಿ ಇದನ್ನು ಆಟದ ಸಿದ್ಧಾಂತದ ಮೂಲಕ ನೋಡಿದ ಎರಡು ಅಧ್ಯಯನಗಳು ಬಂದವು. ಒಂದು ಬುಡಾಪೆಸ್ಟಿನಿಂದ, ಲೆವೆಂಟೆ ಬುಟ್ಯಾನ್ ಮತ್ತು ಸಂಗಡಿಗರದು. ಇನ್ನೊಂದು ಮಾರ್ಕ್ ಫೆಲೆಗ್ಹಾಜಿ, ಯುಬೊ ಮತ್ತು ಬುಟ್ಯಾನ್ ಜತೆಯಾಗಿ ಮಾಡಿದ್ದು. ಇಬ್ಬರು ಒಡೆಯರೂ ಪೂರಾ ಸ್ವಾರ್ಥಿಗಳು, ಪ್ರತಿಯೊಬ್ಬನಿಗೂ ತನ್ನ ಜಾಲದ ಆಯುಷ್ಯ ಮಾತ್ರ ಮುಖ್ಯ ಎಂದು ಇಟ್ಟುಕೊಂಡೇ ಲೆಕ್ಕ ಹೂಡಿದರು. ಹಣದ ಆಮಿಷವಿಲ್ಲ, ದಂಡವಿಲ್ಲ, ಮೇಲಿಂದ ಆಜ್ಞೆಯಿಲ್ಲ. ಅಂಥಲ್ಲೂ ಬಹುತೇಕ ಸಂದರ್ಭಗಳಲ್ಲಿ ಕನಿಷ್ಠ ಒಬ್ಬನಾದರೂ ಸಹಕರಿಸುವ, ಮತ್ತು ಅದರಿಂದ ಹಿಂದೆ ಸರಿದರೆ ಅವನಿಗೇ ನಷ್ಟವಾಗುವಂಥ ಸಮತೋಲನವೊಂದು ಇರುತ್ತದೆ ಎಂದು ಬುಡಾಪೆಸ್ಟಿನವರು ತೋರಿಸಿದರು. ಎರಡನೆಯ ಅಧ್ಯಯನ ಇನ್ನೂ ಖಚಿತವಾದ ಮಾತು ಹೇಳಿತು: ಕೇಂದ್ರಗಳನ್ನು ಹಂಚಿಕೊಂಡರೆ ಲಾಭವಿದೆ. ಪೆಟ್ಟಿಗೆಗಳೇ ಪರಸ್ಪರರ ಸಂದೇಶ ಹೊರುವ ಸಹಕಾರ ಮಾತ್ರ ಎಲ್ಲೆಡೆ ತಾನಾಗಿ ಹುಟ್ಟುವುದಿಲ್ಲ. ಪೆಟ್ಟಿಗೆಗಳು ವಿರಳವಾಗಿರುವ, ರೇಡಿಯೊ ಅಲೆ ಬೇಗ ಸೊರಗುವ ಕಠಿಣ ನೆಲದಲ್ಲೇ ಅದು ಹೆಚ್ಚಾಗಿ ನಿಲ್ಲುತ್ತದೆ.

ಇಡೀ ವಿಷಯದ ತಿರುಳು ಇಲ್ಲಿದೆ ಎಂದು ನನಗನ್ನಿಸುತ್ತದೆ. ಪೆಟ್ಟಿಗೆಯ ಬ್ಯಾಟರಿಯನ್ನು ಹಂಚಿಕೋ ಎಂದರೆ ಯಾರಾದರೂ ಹಿಂಜರಿಯುತ್ತಾರೆ, ಅದು ಸಹಜ. ಕೇಂದ್ರದ ಮಾತು ಬೇರೆ. ಅದಕ್ಕೆ ಸಾಮಾನ್ಯವಾಗಿ ಕರೆಂಟಿನ ಸಂಪರ್ಕವೋ ಸೋಲಾರ್ ಫಲಕವೋ ಇರುತ್ತದೆ. ಅದು ಹೇಗೂ ಇಪ್ಪತ್ನಾಲ್ಕು ಗಂಟೆ ಕಿವಿ ತೆರೆದುಕೊಂಡೇ ಕೂತಿರುತ್ತದೆ. ತನ್ನ ಒಡೆಯನ ಹತ್ತು ಪೆಟ್ಟಿಗೆಗಳ ಜತೆಗೆ ಪಕ್ಕದವನ ಹತ್ತನ್ನೂ ಕೇಳಿಸಿಕೊಂಡರೆ ಅದಕ್ಕೆ ತಗಲುವ ಹೆಚ್ಚಿನ ಖರ್ಚು ತೀರಾ ಅಲ್ಪ. ಹಂಚಿಕೆ ಶುರುವಾಗಬೇಕಾದದ್ದು ಕೇಂದ್ರದಿಂದ. ಅದನ್ನು ಬಿಟ್ಟು ಎಲ್ಲರೂ ಎಲ್ಲವನ್ನೂ ಹಂಚಿಕೊಳ್ಳಬೇಕು ಎಂದು ಹೊರಟ ಯೋಜನೆಗಳು ಕಾಗದದಲ್ಲೇ ಉಳಿಯುತ್ತವೆ.

ಲೆಕ್ಕ ಹೇಳಿದ್ದನ್ನು ಹತ್ತು ವರ್ಷಗಳ ನಂತರ ಆಮ್‌ಸ್ಟರ್‌ಡ್ಯಾಮ್ ಮಾಡಿ ತೋರಿಸಿತು. ಅಷ್ಟರಲ್ಲಿ ತಂತ್ರಜ್ಞಾನವೂ ಬದಲಾಗಿತ್ತು. ಫ್ರಾನ್ಸಿನ ಗ್ರೆನೋಬ್ಲ್‌ನ ಸೈಕ್ಲಿಯೊ ಎಂಬ ಸಣ್ಣ ಕಂಪನಿ ರೂಪಿಸಿದ, 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಕೊಂಡುಕೊಂಡ ‘ಲೋರಾ’ ರೇಡಿಯೊ ಬಂದಿತ್ತು. ಮಾತು ನಿಧಾನ, ಒಂದು ಸಲಕ್ಕೆ ಹತ್ತಿಪ್ಪತ್ತು ಅಕ್ಷರ. ಆದರೆ ಅತಿ ಕಡಿಮೆ ಶಕ್ತಿಯಲ್ಲಿ ನಗರದೊಳಗೆ ಒಂದೆರಡು ಕಿಲೋಮೀಟರ್, ತೆರೆದ ಜಾಗದಲ್ಲಿ ಹತ್ತು ಕಿಲೋಮೀಟರಿಗೂ ಮೀರಿ ಕೇಳಿಸುತ್ತದೆ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ದಾಟಿಸುವ ಕಷ್ಟವೇ ಉಳಿಯಲಿಲ್ಲ, ಎತ್ತರದ ಮೇಲೆ ‘ಗೇಟ್‌ವೇ’ ಎಂಬ ಒಂದು ಕೇಂದ್ರ ಸಾಕು. 2015ರಲ್ಲಿ ವೀಂಕೆ ಗೀಸೆಮನ್ ಮತ್ತು ಯೊಹಾನ್ ಸ್ಟಾಕಿಂಗ್ ಆರಂಭಿಸಿದ ‘ದಿ ಥಿಂಗ್ಸ್ ನೆಟ್‌ವರ್ಕ್’ ಸುಮಾರು 1200 ಡಾಲರಿನ ಹತ್ತು ಗೇಟ್‌ವೇಗಳಿಂದ, ಆರೇ ವಾರಗಳಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರಕ್ಕೆ ಜಾಲ ಹೊದಿಸಿತು. ಗೇಟ್‌ವೇಗಳನ್ನು ತಮ್ಮ ತಮ್ಮ ಮಾಳಿಗೆಯ ಮೇಲೆ ಇಟ್ಟುಕೊಂಡವರು ಅಲ್ಲಿನ ಕಂಪನಿಗಳು, ಸಂಸ್ಥೆಗಳು. ಬಳಸಬಹುದಾದದ್ದು ಯಾರು ಬೇಕಾದರೂ. ಅಲ್ಲಿಂದ ಈ ಸಮುದಾಯ ಜಾಲ ನೂರಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿದೆ.

ಇದು ಸಾಧ್ಯವಾದದ್ದಕ್ಕೆ ಒಳಗಿನ ರಚನೆಯೂ ಕಾರಣ. ಲೋರಾ ರೇಡಿಯೊ ಬಳಸುವ ಲೋರಾವ್ಯಾನ್ ಜಾಲದಲ್ಲಿ ಪೆಟ್ಟಿಗೆ ಯಾವುದೇ ಒಂದು ಗೇಟ್‌ವೇಗೆ ಕಟ್ಟುಬಿದ್ದಿರುವುದಿಲ್ಲ. ಸುಮ್ಮನೆ ಹೇಳಿಬಿಡುತ್ತದೆ. ಕೇಳಿಸಿಕೊಂಡ ಗೇಟ್‌ವೇಗಳೆಲ್ಲ ಸಂದೇಶವನ್ನು ಹಿಂದಿರುವ ಸರ್ವರಿಗೆ ತಲುಪಿಸುತ್ತವೆ, ನಕಲುಗಳನ್ನು ಸರ್ವರ್ ತೆಗೆದುಹಾಕುತ್ತದೆ. ಸಂದೇಶಕ್ಕೆ 128 ಬಿಟ್‌ನ ಎರಡು ಬೇರೆ ಬೇರೆ ಗೂಢಲಿಪಿ ಕೀಲಿಗಳಿವೆ. ಇದು ಯಾರ ಪೆಟ್ಟಿಗೆಯಿಂದ ಬಂದದ್ದು, ನಿಜವಾದದ್ದೇ ಎಂದು ಜಾಲ ಪರೀಕ್ಷಿಸುವುದಕ್ಕೆ ಒಂದು, ಒಳಗಿನ ಅಂಕಿಯನ್ನು ಓದುವುದಕ್ಕೆ ಇನ್ನೊಂದು. ಗೇಟ್‌ವೇ ಇಟ್ಟುಕೊಂಡವನ ಬಳಿ ಎರಡೂ ಇರುವುದಿಲ್ಲ. ಅವನು ಹೊರುತ್ತಾನೆ, ಓದಲಾರ. ಬೇರೆ ಬೇರೆ ಒಡೆಯರ ನಡುವೆ ನಂಬಿಕೆ ಹುಟ್ಟಿಸಲು ಇದಕ್ಕಿಂತ ಗಟ್ಟಿಯಾದ ಏರ್ಪಾಡು ನಾನು ಕಂಡಿಲ್ಲ. ಒಡೆಯರು ಒಬ್ಬರನ್ನೊಬ್ಬರು ಪೂರ್ತಿ ನಂಬಲೇಬೇಕಾದ ಒತ್ತಾಯವನ್ನೇ ಇದು ತೆಗೆದುಹಾಕುತ್ತದೆ.

ಆದರೂ ಕೆಲವು ಸಂಗತಿಗಳು ಬಯಲಾಗಿಯೇ ಉಳಿಯುತ್ತವೆ. ಯಾವ ಪೆಟ್ಟಿಗೆ, ಎಷ್ಟು ಹೊತ್ತಿಗೆ, ಎಷ್ಟು ಸಲ ಮಾತಾಡಿತು ಎಂಬುದು ಗೇಟ್‌ವೇಗೆ ಕಾಣುತ್ತದೆ. ಪಂಪ್‌ಸೆಟ್ ಓಡಿದಾಗ ಮಾತ್ರ ಮಾತಾಡುವ ಸೆನ್ಸರ್ ಇದ್ದರೆ, ಸಂದೇಶವನ್ನು ಒಡೆಯದೆಯೇ ಒಬ್ಬ ರೈತ ದಿನಕ್ಕೆಷ್ಟು ನೀರೆತ್ತುತ್ತಾನೆ ಎಂದು ಊಹಿಸಬಹುದು. ಹಂಚಿಕೆಯ ಕರಾರಿನಲ್ಲಿ ಇದರ ಬಗ್ಗೆ ಒಂದು ಸಾಲು ಇರಲೇಬೇಕು: ಹೊರುವವನು ಈ ದಾಖಲೆಯನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು, ಯಾರಿಗೆ ಕೊಡಬಾರದು ಎಂದು.

ಗೇಟ್‌ವೇ ಹಂಚಿಕೊಂಡರೂ ತೀರದ ಇನ್ನೊಂದು ಹಂಚಿಕೆ ಉಳಿಯುತ್ತದೆ, ಅದು ಗಾಳಿಯದು. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಇಂಥ ಪೆಟ್ಟಿಗೆಗಳು ಬಳಸಬಹುದಾದ ಆವರ್ತನ ಪಟ್ಟಿ 865ರಿಂದ 867 ಮೆಗಾಹರ್ಟ್ಸ್ ಇತ್ತು, 2021ರಲ್ಲಿ ಅದು 868ರವರೆಗೆ ವಿಸ್ತಾರವಾಯಿತು. ಮೂರು ಮೆಗಾಹರ್ಟ್ಸ್ ಅಗಲದ ಈ ಪಟ್ಟಿ ಎಲ್ಲರದ್ದು. ಲೋರಾ ಪೆಟ್ಟಿಗೆಗಳು ಬೇರೆಯವರು ಮಾತು ಮುಗಿಸಿದರೇ ಎಂದು ಸಾಮಾನ್ಯವಾಗಿ ಕಾಯುವುದಿಲ್ಲ. ನಾರ್ಮನ್ ಏಬ್ರಮ್ಸನ್ ಹವಾಯಿ ವಿಶ್ವವಿದ್ಯಾಲಯದಲ್ಲಿ 1970ರ ದಶಕದ ಆರಂಭದಲ್ಲಿ ಕಟ್ಟಿದ ‘ಅಲೋಹ’ ಜಾಲದ ರೀತಿಯೂ ಇದೇ ಆಗಿತ್ತು. ಎಲ್ಲರೂ ತಮಗೆ ತೋಚಿದಾಗ ಮಾತಾಡುವ ಇಂಥ ಕಟ್ಟಳೆಯಲ್ಲಿ, ಎರಡು ಸಂದೇಶ ಡಿಕ್ಕಿಯಾದರೆ ಎರಡೂ ಕೆಡುತ್ತವೆ ಎಂದಿಟ್ಟುಕೊಂಡರೆ, ಕಾಲಾವಕಾಶದ ನೂರಕ್ಕೆ 18 ಪಾಲಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ ಎಂಬುದು ಹಳೆಯ ಲೆಕ್ಕ. ಅದನ್ನು ದಾಟಿ ಇನ್ನೂ ಹೆಚ್ಚು ಮಾತಾಡಲು ಹೊರಟರೆ ತಲುಪುವ ಸಂದೇಶಗಳ ಸಂಖ್ಯೆಯೇ ಇಳಿಯುತ್ತದೆ.

ಆದ್ದರಿಂದ ಥಿಂಗ್ಸ್ ನೆಟ್‌ವರ್ಕ್ ತನ್ನ ಬಳಕೆದಾರರಿಗೆ ಒಂದು ಮಿತಿ ಹಾಕಿತು. ಒಂದು ಪೆಟ್ಟಿಗೆಗೆ ದಿನಕ್ಕೆ 30 ಸೆಕೆಂಡ್ ಮಾತು, ಮೇಲಿನಿಂದ ಅದಕ್ಕೆ ಹತ್ತು ಉತ್ತರ. ಮೂವತ್ತು ಸೆಕೆಂಡ್ ಏನೂ ಸಾಲದು ಎನಿಸಬಹುದು. ಹತ್ತಿರದ ಪೆಟ್ಟಿಗೆ ವೇಗದ ರೀತಿಯಲ್ಲಿ ಹತ್ತು ಬೈಟಿನ ಸಂದೇಶ ಕಳಿಸಿದರೆ ಅದರಲ್ಲಿ ಸುಮಾರು 500 ಸಂದೇಶ ಹಿಡಿಸುತ್ತವೆ. ತೀರಾ ದೂರದ್ದು ಅತಿ ನಿಧಾನದ ರೀತಿಯಲ್ಲಿ ಕಳಿಸಿದರೆ ಸುಮಾರು ಇಪ್ಪತ್ತು. ಮಳೆ, ತೇವ, ಟ್ಯಾಂಕಿನ ಮಟ್ಟ ಅಳೆಯಲು ಇಪ್ಪತ್ತೂ ಸಾಕು. ಉತ್ತರಗಳಿಗೆ ಇನ್ನೂ ಬಿಗಿಯಾದ ಮಿತಿ ಯಾಕೆಂದರೆ, ಗೇಟ್‌ವೇ ಮಾತಾಡುತ್ತಿರುವಾಗ ಅದಕ್ಕೆ ಕಿವಿ ಕೇಳಿಸುವುದಿಲ್ಲ. ಒಬ್ಬನ ಪೆಟ್ಟಿಗೆಗೆ ಉತ್ತರ ಕೊಡುವ ಆ ಕ್ಷಣದಲ್ಲಿ ಉಳಿದೆಲ್ಲ ಒಡೆಯರ ಸಂದೇಶಗಳೂ ಬಿದ್ದುಹೋಗುತ್ತವೆ. ಒಂದು ಪೆಟ್ಟಿಗೆಯ ಅತಿಯಾಸೆ ಇಡೀ ಊರನ್ನು ಕಿವುಡಾಗಿಸಬಲ್ಲದು.

ನಮ್ಮ ಬಯಲುಸೀಮೆಗೆ ಇಂಥ ಮಿತಿಗಳು ಹೊಸವಲ್ಲ. ಕೆರೆಯ ಅಚ್ಚುಕಟ್ಟಿನಲ್ಲಿ ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ನೀರುಗಂಟಿಯ ಕೆಲಸವಾಗಿತ್ತು. ಮಳೆ ಕಡಿಮೆಯಾದ ವರ್ಷ ಎಷ್ಟು ಗದ್ದೆಗೆ ನೀರು ಎಂದು ಊರವರು ಕೂತು ಮೊದಲೇ ತೀರ್ಮಾನಿಸುತ್ತಿದ್ದರು. ಹರಿಸುವವನು ಮಾತ್ರ ಒಬ್ಬನೇ. ಸುಗ್ಗಿಯಲ್ಲಿ ಅವನಿಗೆ ಕಣದಿಂದಲೇ ಧಾನ್ಯದ ಪಾಲು ಸಲ್ಲುತ್ತಿತ್ತು. ನೀರು ಎಲ್ಲರದು, ಗದ್ದೆ ಅವರವರದು, ತೂಬಿನ ಮೇಲೆ ಕೈ ಒಬ್ಬರದು. ಸೆನ್ಸರ್ ಜಾಲಕ್ಕೂ ಬೇಕಾದದ್ದು ಇದೇ ಮೂರು ಭಾಗದ ಏರ್ಪಾಡು. ಸಾಮೂಹಿಕ ಸಂಪತ್ತು ತಾನಾಗಿ ಹಾಳಾಗುತ್ತದೆ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಬರೆದ ವಾದ ಬಹಳ ಕಾಲ ಪಂಡಿತರನ್ನು ಆಳಿತು. ಎಲಿನಾರ್ ಆಸ್ಟ್ರಮ್ ಸ್ಪೇನಿನ ವೇಲೆನ್ಸಿಯಾದ ಕಾಲುವೆಗಳಿಂದ ಹಿಡಿದು ನೇಪಾಳದ ನೀರಾವರಿಯವರೆಗೆ ನಿಜವಾದ ಊರುಗಳನ್ನು ಪರಿಶೀಲಿಸಿ, ಬಳಸುವವರೇ ನಿಯಮ ಮಾಡಿಕೊಂಡು ಅವರೇ ಕಾವಲು ನಿಂತಲ್ಲಿ ಸಾಮೂಹಿಕ ಸಂಪತ್ತು ಶತಮಾನಗಟ್ಟಲೆ ಉಳಿದಿದೆ ಎಂದು ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು.

ಹಣ ಕೊಟ್ಟು ಹಂಚಿಕೆ ಮಾಡಿಸುವ ದಾರಿಯನ್ನೂ ಜಗತ್ತು ನೋಡಿದೆ. ಅಮೆರಿಕದ ‘ಹೀಲಿಯಂ’ 2019ರಿಂದ ಜನರಿಗೆ ಗೇಟ್‌ವೇ ಪೆಟ್ಟಿಗೆ ಮಾರಿ, ಅದನ್ನು ನಡೆಸಿದ್ದಕ್ಕೆ ಡಿಜಿಟಲ್ ನಾಣ್ಯ ಕೊಟ್ಟಿತು. 2022ರ ಹೊತ್ತಿಗೆ ಪೆಟ್ಟಿಗೆಗಳ ಸಂಖ್ಯೆ ಹತ್ತು ಲಕ್ಷದ ಸಮೀಪ ಬಂತು. ಆದರೆ ಬಹಳ ಜನ ಪೆಟ್ಟಿಗೆ ಇಟ್ಟದ್ದು ನಾಣ್ಯಕ್ಕಾಗಿ. ಅವುಗಳ ಮೂಲಕ ನಿಜವಾಗಿ ಸಾಗಿದ ಸೆನ್ಸರ್ ಸಂದೇಶಗಳಿಂದ ಬಂದ ಆದಾಯ ಆ ವಿಸ್ತಾರದ ಮುಂದೆ ಏನೂ ಅಲ್ಲದಷ್ಟು ಚಿಕ್ಕದಾಗಿತ್ತು. ಸುಳ್ಳು ಜಾಗ ತೋರಿಸಿ ನಾಣ್ಯ ಗಳಿಸುವವರೂ ಹುಟ್ಟಿಕೊಂಡರು. ಗೇಟ್‌ವೇ ಇಡುವುದಕ್ಕೆ ಬಹುಮಾನ ಕೊಟ್ಟರೆ ಗೇಟ್‌ವೇಗಳು ಹೆಚ್ಚುತ್ತವೆ. ಅಳೆಯಬೇಕಾದ ಅಗತ್ಯ ಅದರಿಂದ ಹೆಚ್ಚುವುದಿಲ್ಲ.

ಒಂದೇ ಸೆನ್ಸರ್ ಪೆಟ್ಟಿಗೆಯಲ್ಲಿ ಹಲವರ ಕಾರ್ಯಕ್ರಮಗಳು ಓಡುವಂತೆ ಮಾಡುವ ಯತ್ನಗಳೂ ಇವೆ. ಕೇಂಬ್ರಿಜ್ ಸಂಶೋಧಕರ ‘ಸೆನ್‌ಶೇರ್’ ಅಂಥದ್ದು. ಸಂಶೋಧನೆಗೆ ಅದು ಚೆನ್ನ. ಸೆನ್ಸರಿನ ಬೆಲೆ ಇಳಿದಿರುವ ಈ ಹೊತ್ತಿನಲ್ಲಿ ಊರುಕೇರಿಯ ಬಳಕೆಗೆ ಅದರ ತೊಡಕು ಬೇಕಿಲ್ಲ.

ಇನ್ನು ನಮ್ಮ ರಾಜ್ಯದ ಮಾತು. ಮಾಪಕಗಳ ವಿಷಯದಲ್ಲಿ ಕರ್ನಾಟಕ ಹಿಂದುಳಿದಿಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನು ಇಟ್ಟಿದೆ. ಅವು ಮೊಬೈಲ್ ಜಾಲದ ಮೂಲಕ ಹದಿನೈದು ನಿಮಿಷಕ್ಕೊಮ್ಮೆ ವರದಿ ಕಳಿಸುತ್ತವೆ. ಭಾರತೀಯ ಹವಾಮಾನ ಇಲಾಖೆಗೆ ತನ್ನದೇ ಮಾಪಕಗಳಿವೆ, ಕೃಷಿ ವಿಶ್ವವಿದ್ಯಾಲಯಗಳಿಗೆ ತಮ್ಮವಿವೆ, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ತಲೆಮಾರುಗಳ ಮಳೆ ದಾಖಲೆಯಿದೆ. ಅಂಕಿಗಳನ್ನು ಹಂಚಿಕೊಳ್ಳುವ ವೇದಿಕೆಯೂ ಬಂದಿದೆ. ಸ್ಮಾರ್ಟ್ ಸಿಟಿ ಯೋಜನೆಯಡಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಐಯುಡಿಎಕ್ಸ್’, ನಗರಗಳ ಬೇರೆ ಬೇರೆ ಇಲಾಖೆಗಳ ದತ್ತಾಂಶವನ್ನು ಒಡೆಯನ ಒಪ್ಪಿಗೆಯ ಮೇಲೆ ಇನ್ನೊಬ್ಬರಿಗೆ ತಲುಪಿಸುತ್ತದೆ. ಅದು ಅಂಕಿ ನಗರದ ಕಂಪ್ಯೂಟರನ್ನು ಮುಟ್ಟಿದ ಮೇಲಿನ ಹಂಚಿಕೆ. ಅಂಕಿ ಮುಟ್ಟುವುದೇ ಕಷ್ಟವಾದ ಜಾಗಗಳ ಕಥೆಯೇನು?

ಸಕಲೇಶಪುರ, ಆಲೂರು, ಕೊಡಗು, ಮಲೆನಾಡಿನ ಒಳಕಣಿವೆಗಳನ್ನು ನೆನೆಯಿರಿ. ಮರದ ದಟ್ಟಣೆ, ಗುಡ್ಡದ ಮರೆ, ಮೊಬೈಲ್ ಸಿಗ್ನಲ್ ಹೋಗಿಬರುವ ಜಾಗ. ಅರಣ್ಯ ಇಲಾಖೆಗೆ ಆನೆಗಳ ಓಡಾಟದ ಸುದ್ದಿ ಬೇಕು, ಬೆಳೆಗಾರರಿಗೆ ಹೂಮಳೆಯ ಲೆಕ್ಕ ಬೇಕು, ಪಂಚಾಯಿತಿಗೆ ಟ್ಯಾಂಕಿನ ನೀರಿನ ಮಟ್ಟ, ವಿದ್ಯುತ್ ಕಂಪನಿಗೆ ತಂತಿ ಹರಿದ ಜಾಗ, ವಿಕೋಪ ಕೇಂದ್ರಕ್ಕೆ ಗುಡ್ಡ ಜಾರುವ ಮುನ್ಸೂಚನೆ. ಪೆಟ್ಟಿಗೆಗಳು ವಿರಳ, ರೇಡಿಯೊ ಅಲೆಗೆ ಕಠಿಣ ನೆಲ. ಸ್ವಾರ್ಥಿಗಳ ನಡುವೆಯೂ ಸಹಕಾರ ನಿಲ್ಲುತ್ತದೆ ಎಂದು 2005ರ ಲೆಕ್ಕ ಗುರುತಿಸಿದ್ದು ಇಂಥ ನೆಲವನ್ನೇ. ಅಲ್ಲಿ ಐವರು ಒಡೆಯರು ಐದು ಗುಡ್ಡ ಹತ್ತಿ ಐದು ಕಂಬ ನೆಡುವುದು ಸಾರ್ವಜನಿಕ ಹಣದ ಪೋಲು. ಇದರಲ್ಲಿ ನನಗೆ ಸಂಶಯವಿಲ್ಲ. ಒಂದು ಎತ್ತರದ ಮೇಲೆ ಒಂದು ಗೇಟ್‌ವೇ, ಅದಕ್ಕೊಂದು ಸೋಲಾರ್ ಫಲಕ, ಕೆಳಗಿನ ಊರಿಗೆ ಒಂದು ಗಟ್ಟಿ ಸಂಪರ್ಕ, ಬೀಗದ ಕೈ ಪಂಚಾಯಿತಿಯಲ್ಲಿ. ಇಷ್ಟರಿಂದ ಐವರ ಕೆಲಸವೂ ನಡೆಯುತ್ತದೆ. ಅದು ಸಿಡಿಲಿಗೋ ಬಿರುಮಳೆಗೋ ಕೆಟ್ಟರೆ ಕೇಳಿಸಿಕೊಳ್ಳಲು ಪಕ್ಕದ ಗುಡ್ಡದ ಮೇಲೆ ಇನ್ನೊಂದು ಗೇಟ್‌ವೇ ಇರಲಿ.

ಅಡ್ಡಿ ಇರುವುದು ಟೆಂಡರ್ ಕಾಗದದಲ್ಲಿ. ಇಲಾಖೆಯೊಂದು ಸೆನ್ಸರ್ ಜಾಲ ಕೊಳ್ಳುವಾಗ ಪೆಟ್ಟಿಗೆ, ಗೇಟ್‌ವೇ, ಸರ್ವರು, ಪರದೆ ಎಲ್ಲವನ್ನೂ ಒಬ್ಬನೇ ಗುತ್ತಿಗೆದಾರನಿಂದ ಒಟ್ಟಿಗೆ ಕೊಂಡರೆ, ಆ ಗೇಟ್‌ವೇ ಇನ್ನೊಬ್ಬರ ಸಂದೇಶವನ್ನು ಕೇಳಿಸಿಕೊಂಡರೂ ಎಸೆದುಬಿಡುತ್ತದೆ. ಯಂತ್ರಕ್ಕೆ ಶಕ್ತಿಯಿದೆ, ಕರಾರು ಬಿಡುವುದಿಲ್ಲ.

ಸೆನ್ಸರ್ ಕೊಳ್ಳುವ ಅಧಿಕಾರಿಗಳಲ್ಲಿ ಒಂದು ಕೋರಿಕೆ. ಮುಂದಿನ ಟೆಂಡರಿನಲ್ಲಿ ಗೇಟ್‌ವೇಯನ್ನು ಪೆಟ್ಟಿಗೆಗಳಿಂದ ಬೇರ್ಪಡಿಸಿ ಕೊಳ್ಳಿ. ಬೇರೆ ಸರ್ಕಾರಿ ಜಾಲಗಳ, ರೈತರ, ಶಾಲೆಗಳ ಸಂದೇಶವನ್ನೂ ಅದು ದಾಟಿಸಬೇಕು ಎಂಬ ಒಂದು ಷರತ್ತು ಸೇರಿಸಿ. ದಿನಕ್ಕೆ ಯಾರಿಗೆಷ್ಟು ಸೆಕೆಂಡ್ ಎಂಬ ಪಟ್ಟಿಯನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿ. ಓದುವ ಕೀಲಿ ಅಂಕಿಯ ಒಡೆಯನ ಬಳಿಯೇ ಇರಲಿ. ನೀವು ಬೆಳೆಗಾರರಾಗಿದ್ದರೆ, ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿ: ನಮ್ಮ ಗುಡ್ಡದ ಮೇಲೆ ಈಗಾಗಲೇ ಯಾರ ಯಾರ ಗೇಟ್‌ವೇ ಇದೆ, ಅದು ನಮ್ಮ ಸೆನ್ಸರಿನ ಸಂದೇಶವನ್ನೂ ಯಾಕೆ ದಾಟಿಸಬಾರದು?